ಹಳೆ ಗೇರ್ ಸೈಕಲ್: ಕೇಬಲ್ ಎಳೆಯೋದು, ಬೇರೆ ಬೇರೆ ಪಾರ್ಟ್ ಕೂಡಿಸೋದು – ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಅಂಗಡಿ ಇಟ್ಟವನಲ್ಲ. ಧಾರವಾಡದಿಂದ ಪುಣೆಗೆ ಬಂದವನು, ಕೋಥ್ರೂಡಿನಲ್ಲಿ ಮನೆ. ಭಾನುವಾರ ಬೆಳಿಗ್ಗೆ ಸೊಸೈಟಿಯ ಪಾರ್ಕಿಂಗಿನಲ್ಲಿ ಹಳೆ ಸೈಕಲ್ ಬಿಚ್ಚಿಕೊಂಡು ಕೂರೋದು ನನ್ನ ಚಟ. ಒಂದು ಕಾಲಕ್ಕೆ ಪುಣೆ ಅಂದರೆ ಸೈಕಲ್ ಊರು. ಈಗಲೂ ಯಾವ ಬಿಲ್ಡಿಂಗಿಗೆ ಹೋದರೂ ಮೆಟ್ಟಿಲ ಕೆಳಗೆ ಧೂಳು ಹಿಡಿದ ಒಂದು ಗೇರ್ ಸೈಕಲ್ ಇದ್ದೇ ಇರುತ್ತದೆ. ನಮ್ಮ ಕಡೆಯವರು ಒಬ್ಬರಿಂದ ಒಬ್ಬರಿಗೆ ಕೇಳಿಕೊಂಡು ಅದನ್ನು ತಳ್ಳಿಕೊಂಡು ಬರುತ್ತಾರೆ. ಪ್ರಶ್ನೆಗಳು ಮಾತ್ರ ಅವೇ ಅವೇ. ಹಾಗಾಗಿ ಬರೆದಿಟ್ಟೆ.

ಮೊದಲು ನಾಲ್ಕು ಹೆಸರು ತಿಳಿದಿರಲಿ. ಹ್ಯಾಂಡಲ್ ಮೇಲೆ ಗೇರ್ ಬದಲಿಸುವ ಸಾಧನ ಶಿಫ್ಟರ್. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದೂಡುವುದು ಡಿರೇಲರ್. ಇವೆರಡರ ನಡುವೆ ಓಡುವ ತಂತಿ ಇನ್ನರ್. ಆ ತಂತಿಯ ಮೇಲಿನ ಕೊಳವೆ ಔಟರ್.

ಗೇರ್ ಸರಿಯಾಗಿ ಬೀಳುತ್ತಿಲ್ಲ. ಡಿರೇಲರ್ ಹೋಯಿತಾ?

ಹತ್ತರಲ್ಲಿ ಎಂಟು ಸಲ ಇಲ್ಲ. ಕಳೆದ ಮಳೆಗಾಲ ಮುಗಿದ ಮೇಲೆ ಬೆಳಗಾವಿ ಕಡೆಯ ಒಬ್ಬ ಹುಡುಗ ಬಂದ. ಇಲ್ಲೇ ಇಂಜಿನಿಯರಿಂಗ್ ಓದುತ್ತಾನೆ.

"ಕಾಕಾ, ಡಿರೇಲರ್ ಹೋಗೇತಂತ್ರಿ. ಹೊಸಾದು ಹಾಕಬೇಕಂತ ಅಂಗಡಿಯಾಂವ ಹೇಳ್ಯಾನ."

"ಮೊದಲು ಸೈಕಲ್ ಮಗ್ಗಲಿಗೆ ತಗೊಂಡು ಬಾ ತಮ್ಮಾ, ಆಮೇಲೆ ಅಂಗಡಿ ಮಾತು."

ಡಿರೇಲರಿನ ಹಿಂದೆ ಅರ್ಧ ವೃತ್ತದ ಹಾಗೆ ಬಾಗಿರುವ ಔಟರ್ ತುಂಡನ್ನು ಕಳಚಿದೆ. ಒಳಗಿಂದ ಇನ್ನರ್ ಎಳೆದರೆ ಬರಲೇ ಇಲ್ಲ. ಪಕ್ಕಡಿನಿಂದ ಹಿಡಿದು ಜಗ್ಗಿದಾಗ ಕೆಂಪು ಪುಡಿ ಸುರಿಯಿತು, ಥೇಟ್ ಕಾಚಿನ ಪುಡಿ. ಒಂದು ಗೇಣಿಗಿಂತ ಸ್ವಲ್ಪ ಉದ್ದದ ಔಟರ್, ಒಂದು ಇನ್ನರ್ ಹಾಕಿದೆವು. ಅದೇ ಹಳೆ ಡಿರೇಲರ್ ಈಗಲೂ ಓಡುತ್ತಿದೆ.

ನೀವೇ ಪರೀಕ್ಷಿಸಬಹುದು. ಹಿಂದಿನ ಗಾಲಿ ಮೇಲೆತ್ತಿ, ಚೈನನ್ನು ಅತಿ ಸಣ್ಣ ಹಲ್ಲುಚಕ್ರಕ್ಕೆ ತನ್ನಿ. ಒಬ್ಬರು ಪೆಡಲ್ ತಿರುಗಿಸುತ್ತಿರಲಿ. ಫ್ರೇಮಿನ ಮೇಲೆ ಬರಿ ಮೈಯಲ್ಲಿ ಕಾಣುವ ಇನ್ನರನ್ನು ಏಕತಾರಿಯ ತಂತಿಯ ಹಾಗೆ ಬೆರಳಿನಿಂದ ಹೊರಗೆ ಎಳೆಯಿರಿ. ಚೈನ್ ದೊಡ್ಡದರ ಕಡೆ ಹತ್ತುತ್ತದೆ. ಬಿಟ್ಟುಬಿಡಿ. ಟಕ್ ಅಂತ ಇಳಿಯಬೇಕು. ಸೋಮಾರಿಯ ಹಾಗೆ ನಿಧಾನಕ್ಕೆ ಇಳಿದರೆ ತಂತಿ ಎಲ್ಲೋ ಹಿಡಿಯುತ್ತಿದೆ ಅಂತ ಅರ್ಥ.

ಇನ್ನೊಂದು ಗುರುತು ಇದೆ. ದೊಡ್ಡ ಹಲ್ಲುಚಕ್ರಕ್ಕೆ ಹತ್ತುವಾಗ ಮಾತ್ರ ತಡವರಿಸಿದರೆ ಕೇಬಲ್ ಸಡಿಲ. ಇಳಿಯುವಾಗ ಮಾತ್ರ ತಡವರಿಸಿದರೆ ಕೇಬಲ್ ಜಾಸ್ತಿ ಬಿಗಿ, ಇಲ್ಲವೇ ತುಕ್ಕು. ಹತ್ತುವಾಗಲೂ ಇಳಿಯುವಾಗಲೂ ಕಿರಿಕಿರಿ ಅಂದರೆ ಸ್ಕ್ರೂ ತಿರುಗಿಸಿ ಉಪಯೋಗವಿಲ್ಲ. ಔಟರ್ ಬದಲಿಸಿ, ಹ್ಯಾಂಗರ್, ಅಂದರೆ ಫ್ರೇಮಿನಲ್ಲಿ ಡಿರೇಲರ್ ತೂಗುವ ಕಿವಿ, ಬಾಗಿದೆಯಾ ನೋಡಿ. ಅದೂ ಸರಿ ಇದ್ದರೆ ಮಾತ್ರ ಡಿರೇಲರ್ ಮೇಲೆ ಸಂಶಯಪಡಿ.

ಬ್ರೇಕ್ ವೈರ್, ಗೇರ್ ವೈರ್ ಎರಡೂ ಒಂದೇ ಅಲ್ವಾ? ಅಂಗಡಿಯಲ್ಲಿ ಒಂದೇ ಉಂಡೆಯಿಂದ ಕತ್ತರಿಸಿ ಕೊಡುತ್ತಾರೆ.

ಖಂಡಿತ ಅಲ್ಲ. ಈ ಪುಟದಲ್ಲಿ ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಬ್ರೇಕಿನ ಔಟರ್ ಒಳಗೆ ಚಪ್ಪಟೆ ಉಕ್ಕಿನ ಪಟ್ಟಿ ಸ್ಪ್ರಿಂಗಿನ ಹಾಗೆ ಸುತ್ತಿರುತ್ತದೆ. ಸಾಮಾನ್ಯವಾಗಿ 5 ಮಿ.ಮೀ. ದಪ್ಪ. ಎಷ್ಟೇ ಜೋರಾಗಿ ಹಿಡಿದರೂ ಒಡೆಯುವುದಿಲ್ಲ, ಆದರೆ ಬಾಗಿದಾಗ ಉದ್ದ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆಗುತ್ತದೆ. ಬ್ರೇಕಿಗೆ ಅದು ಲೆಕ್ಕಕ್ಕಿಲ್ಲ. ಕ್ಲಿಕ್ ಕ್ಲಿಕ್ ಅನ್ನುವ ಗೇರಿಗೆ ಅದೇ ದೊಡ್ಡ ತೊಂದರೆ. ಅದಕ್ಕೆ ಗೇರಿನ ಔಟರ್ ಬೇರೆ ಥರ: ಸಣ್ಣ ಸಣ್ಣ ತಂತಿಗಳು ಉದ್ದಕ್ಕೆ ಸಾಲಾಗಿ ಓಡುತ್ತವೆ, ಹೊರಗೆ ಪ್ಲಾಸ್ಟಿಕ್. ದಪ್ಪ ಸಾಮಾನ್ಯವಾಗಿ 4 ಮಿ.ಮೀ. ಇದು ಕುಗ್ಗುವುದಿಲ್ಲ. ಆದರೆ ಆ ತಂತಿಗಳನ್ನು ಹಿಡಿದಿಟ್ಟಿರುವುದು ಬರೀ ಪ್ಲಾಸ್ಟಿಕ್. ಇದನ್ನು ಬ್ರೇಕಿಗೆ ಹಾಕಿ ಗಟ್ಟಿಯಾಗಿ ಹಿಡಿದರೆ ಸೀಳಿಹೋಗಬಹುದು. ಅದೂ ನಿಮಗೆ ಬ್ರೇಕ್ ಬೇಕೇ ಬೇಕಾದ ಹೊತ್ತಿನಲ್ಲೇ.

ಬ್ರೇಕಿನ ಔಟರ್ ಗೇರಿಗೆ ಹಾಕಿದರೆ ಗೇರ್ ಸರಿಯಾಗಿ ಬೀಳುವುದಿಲ್ಲ, ಅಷ್ಟೇ. ಗೇರಿನ ಔಟರ್ ಬ್ರೇಕಿಗೆ ಹಾಕಿದರೆ ನೀವು ಬೀಳುತ್ತೀರಿ.

ಇನ್ನರ್ ಕೂಡ ಬೇರೆ. ಬ್ರೇಕಿನದು 1.5 ಅಥವಾ 1.6 ಮಿ.ಮೀ., ಗೇರಿನದು 1.1 ಅಥವಾ 1.2. ತುದಿಯ ಗುಂಡೂ ಬೇರೆ. ಗೇರಿನದು ಚಿಕ್ಕ ಗುಂಡು. ನೇರ ಹ್ಯಾಂಡಲಿನ ಬ್ರೇಕಿಗೆ ಅಡ್ಡ ಕೂರುವ ಡ್ರಮ್ಮಿನಂಥ ಗುಂಡು, ರೇಸಿಂಗ್ ಹ್ಯಾಂಡಲಿನ ಬ್ರೇಕಿಗೆ ಮರಸೇಬಿನ (ಪೇರ್) ಆಕಾರದ್ದು. ಕೆಲವು ಇನ್ನರಿನಲ್ಲಿ ಎರಡು ತುದಿಗೆ ಎರಡು ಥರದ ಗುಂಡು ಇರುತ್ತದೆ, ಬೇಡದ್ದನ್ನು ಕತ್ತರಿಸಿ ಬಿಸಾಡಬೇಕು. ಒಬ್ಬರು ಬೇಕಾದ ಗುಂಡನ್ನೇ ಕತ್ತರಿಸಿ ತಂದಿದ್ದರು. ನಗಬಾರದು, ನಾನೂ ಒಮ್ಮೆ ಮಾಡಿದ್ದೇನೆ.

ಔಟರ್ ಎಷ್ಟು ಉದ್ದ ಇರಬೇಕು?

ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದಾಗ ಎಲ್ಲೂ ಜಗ್ಗಬಾರದು. ಅದಕ್ಕಿಂತ ಉದ್ದ ಬೇಡ. ಮುಂದೆ ದೊಡ್ಡ ದೊಡ್ಡ ಕುಣಿಕೆ ತೂಗಾಡುತ್ತಿದ್ದರೆ ನೋಡಲಿಕ್ಕೂ ಚೆಂದವಲ್ಲ, ತಂತಿಗೂ ಸುಮ್ನೆ ಹೆಚ್ಚಿನ ತಿಕ್ಕಾಟ.

ಹಿಂದಿನ ಡಿರೇಲರಿನ ಹತ್ತಿರದ ತುಂಡಿನಲ್ಲಿ ಜನ ಎಡವುತ್ತಾರೆ. ಉಳಿತಾಯ ಅಂತ ಗಿಡ್ಡ ಕತ್ತರಿಸುತ್ತಾರೆ. ಆಗ ಔಟರ್ ಸ್ಟಾಪಿನ (ಫ್ರೇಮಿನ ಮೇಲೆ ಔಟರ್ ಬಂದು ನಿಲ್ಲುವ ಸಣ್ಣ ಕಿವಿ) ಬಾಯಲ್ಲಿ ಮುರಿದ ಹಾಗೆ ಬಾಗುತ್ತದೆ. ಅದು ಸ್ಟಾಪಿನಿಂದ ನೇರವಾಗಿ ಹೊರಟು, ದುಂಡಗೆ ತಿರುಗಿ, ಡಿರೇಲರಿಗೆ ನೇರವಾಗಿಯೇ ಹೋಗಿ ಸೇರಬೇಕು. ಹೆಚ್ಚಿನ ಹಳೆ ಸೈಕಲ್ಲುಗಳಿಗೆ 25ರಿಂದ 30 ಸೆಂ.ಮೀ. ಸಾಕು. ಕತ್ತರಿಸುವ ಮೊದಲು ಚೈನನ್ನು ಸಣ್ಣ ಹಲ್ಲುಚಕ್ರದಲ್ಲಿಟ್ಟು ಹಿಡಿದು ನೋಡಿ, ಆಮೇಲೆ ದೊಡ್ಡದಕ್ಕೆ ಡಿರೇಲರನ್ನು ಕೈಯಿಂದ ದೂಡಿ ನೋಡಿ.

ಕತ್ತರಿಸುವಾಗ ಬಾಯಿ ಮುಚ್ಚಿಹೋಗುತ್ತದೆ. ಏನು ಮಾಡಲಿ?

ಮನೆಯ ಪಕ್ಕಡಿನಿಂದ ಕತ್ತರಿಸಿದರೆ ಹಾಗೇ ಆಗುವುದು. ಹರಿತವಾದ ಕೇಬಲ್ ಕಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಔಟರ್ ಒಳಗೆ ಒಂದು ಹಳೆ ಇನ್ನರ್ ತುಂಡು ತೂರಿಸಿ ಎರಡನ್ನೂ ಒಟ್ಟಿಗೆ ಕತ್ತರಿಸಿ. ಕೊಳವೆ ಅಷ್ಟು ಚಪ್ಪಟೆಯಾಗುವುದಿಲ್ಲ. ಆಮೇಲೆ ಅರದಿಂದ ತುದಿಯನ್ನು ಸಮ ಮಾಡಿ. ಒಳಗಿನ ಪ್ಲಾಸ್ಟಿಕ್ ಬಾಯನ್ನು ಸೇಫ್ಟಿ ಪಿನ್ನಿನಿಂದ ದುಂಡಗೆ ಬಿಡಿಸಿ. ತುದಿಗೆ ಟೋಪಿ ಹಾಕುವುದನ್ನು ಮರೆಯಬೇಡಿ. ಗೇರಿನ ಔಟರಿಗೆ ಟೋಪಿ ಇಲ್ಲದಿದ್ದರೆ ಆ ಸಣ್ಣ ತಂತಿಗಳು ಸ್ಟಾಪಿನಿಂದ ಆಚೆ ಮೀಸೆ ಬಿಡುತ್ತವೆ.

ಹೊಸ ಇನ್ನರನ್ನು ಪೂರ್ತಿ ಎಳೆದು ಬಿಗಿ ಮಾಡುವವರೆಗೆ ಕತ್ತರಿಸಬೇಡಿ. ಒಮ್ಮೆ ತುದಿ ಬಿಚ್ಚಿಕೊಂಡು ಪೊರಕೆಯಾಯಿತು ಅಂದರೆ ಮತ್ತೆ ಔಟರ್ ಒಳಗೆ ಹೋಗುವುದಿಲ್ಲ.

ಹಳೆ ಫ್ರೇಮಿನಲ್ಲಿ ಕೇಬಲ್ ಯಾವ ದಾರಿಯಲ್ಲಿ ಹೋಗಬೇಕು? ನನ್ನದಕ್ಕೆ ಯಾರೋ ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿದ್ದಾರೆ.

ಫ್ರೇಮನ್ನೇ ಕೇಳಬೇಕು. ಕೆಳಗಿನ ಕೊಳವೆಯ ಮೇಲೆ ಬೆಸುಗೆ ಹಾಕಿದ ಸಣ್ಣ ಕಿವಿಗಳು ಇದ್ದರೆ ಅವು ಔಟರ್ ನಿಲ್ಲುವ ಜಾಗ. ಅಲ್ಲಿಂದ ಮುಂದೆ ತಂತಿ ಬರಿ ಮೈಯಲ್ಲಿ ಹೋಗಿ, ಬಾಟಮ್ ಬ್ರ್ಯಾಕೆಟ್ಟಿನ ಕೆಳಗೆ, ಅಂದರೆ ಪೆಡಲಿನ ಅಚ್ಚು ಕೂರುವ ಕೊಳವೆಯ ಕೆಳಗೆ, ಒಂದು ಪ್ಲಾಸ್ಟಿಕ್ ಗೈಡಿನ ಜಾಡಿನಲ್ಲಿ ತಿರುಗುತ್ತದೆ. ಇನ್ನೂ ಹಳೆಯವುಗಳಲ್ಲಿ ಆ ಗೈಡ್ ಬ್ರ್ಯಾಕೆಟ್ಟಿನ ಮೇಲಿರುತ್ತದೆ.

ಸೈಕಲ್ ತಲೆಕೆಳಗು ಮಾಡಿ ಆ ಗೈಡ್ ನೋಡಿ. ಬಹಳ ಜನ ಜನ್ಮದಲ್ಲಿ ನೋಡಿರುವುದಿಲ್ಲ. ಮುಂದಿನ ಗಾಲಿ ಎರಚುವ ಕೆಸರೆಲ್ಲ ಬಂದು ಕೂರುವುದು ಅಲ್ಲೇ. ತಂತಿ ವರ್ಷಾನುಗಟ್ಟಲೆ ತಿಕ್ಕಿ ಪ್ಲಾಸ್ಟಿಕ್ಕಿನಲ್ಲಿ ಆಳವಾದ ಗಾಯ ಮಾಡಿರುತ್ತದೆ, ಆ ಗಾಯದಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ಸ್ಕ್ರೂ ಬಿಚ್ಚಿದರೆ ಗೈಡ್ ಬದಲಾಗುತ್ತದೆ. ತೀರಾ ಅಗ್ಗದ ಸಾಮಾನು.

ಬಲಗೈ ಶಿಫ್ಟರಿನ ಔಟರನ್ನು ಹ್ಯಾಂಡಲ್ ಮುಂದಿನಿಂದ ದಾಟಿಸಿ ಫ್ರೇಮಿನ ಎಡಗಡೆಯ ಸ್ಟಾಪಿಗೆ, ಎಡಗೈಯದನ್ನು ಬಲಗಡೆಗೆ ಕೊಟ್ಟರೆ ತಿರುವು ಸಲೀಸಾಗುತ್ತದೆ, ಫ್ರೇಮಿನ ಬಣ್ಣವೂ ಉಜ್ಜಿಹೋಗುವುದಿಲ್ಲ. ಆಮೇಲೆ ಕೆಳಗಿನ ಕೊಳವೆಯ ಅಡಿಯಲ್ಲಿ ಎರಡು ತಂತಿಗಳನ್ನು ಕತ್ತರಿಯ ಹಾಗೆ ಒಂದರ ಮೇಲೊಂದು ದಾಟಿಸಿ ಗೈಡಿನ ತಂತಮ್ಮ ಜಾಡಿಗೆ ಕಳಿಸಿ. ತಂತಿಗೆ ತಂತಿ ತಾಗಿದರೆ ಏನೂ ಆಗುವುದಿಲ್ಲ. ಕೇಳಿದವರೆಲ್ಲ ಇದಕ್ಕೆ ಹೆದರುತ್ತಾರೆ, ಹೆದರಬೇಡಿ.

ಕಿವಿಗಳೇ ಇಲ್ಲದ ಫ್ರೇಮು ಆದರೆ ಪಟ್ಟಿ ಹಾಕಿ ಬಿಗಿಯುವ ಸ್ಟಾಪ್ ಸಿಗುತ್ತದೆ. ಅಥವಾ ಶಿಫ್ಟರಿನಿಂದ ಡಿರೇಲರಿನ ತನಕ ಒಂದೇ ಔಟರ್ ಎಳೆದು, ಟೈ ಹಾಕಿ ಕಟ್ಟಿ. ಅದೂ ಒಳ್ಳೆಯ ಪದ್ಧತಿಯೇ. ಟೈ ಬಿಗಿಯಾಗಿ ಹಿಂಡಬಾರದು ಅಷ್ಟೇ.

ಮಳೆಗಾಲದಲ್ಲಿ ಪ್ರತಿ ವರ್ಷ ಇದೇ ಗೋಳು. ಪರಿಹಾರ ಇದೆಯಾ?

ಜೂನ್‌ನಿಂದ ಸೆಪ್ಟೆಂಬರ್ ತನಕ ಪುಣೆಯಲ್ಲಿ ಓಡಿಸುವವರಿಗೆ ನಾನು ಹೇಳುವುದು ಸ್ಟೇನ್‌ಲೆಸ್ ಇನ್ನರ್, ಮೇಲೆ ಉದ್ದಕ್ಕೂ ಒಂದೇ ಔಟರ್. ಮುಂಬೈಯ ಸಮುದ್ರದ ಗಾಳಿಯಲ್ಲಿ ಇರುವವರಿಗೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಸಾದಾ ಗ್ಯಾಲ್ವನೈಸ್ ತಂತಿ ಅಲ್ಲಿ ಬೇಗ ಮುದಿಯಾಗುತ್ತದೆ.

ಬರಿ ತಂತಿ ಓಡುವ ಸೈಕಲ್ಲಾದರೆ, ಏನೂ ಬಿಚ್ಚದೆ ಒರೆಸುವ ಉಪಾಯ ಇದೆ. ಪೆಡಲ್ ತಿರುಗಿಸುತ್ತಾ ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಹತ್ತಿಸಿ. ಪೆಡಲ್ ನಿಲ್ಲಿಸಿ. ಈಗ ಗಾಲಿ ತಿರುಗಿಸದೆ ಶಿಫ್ಟರನ್ನು ಮಾತ್ರ ಸಣ್ಣ ಗೇರಿನ ತನಕ ಬಿಡಿ. ಚೈನ್ ಅಲ್ಲೇ ಇರುತ್ತದೆ, ತಂತಿ ಸಡಿಲವಾಗುತ್ತದೆ. ಸ್ಟಾಪಿನಲ್ಲಿ ಸೀಳು ಇದ್ದರೆ ಔಟರ್ ಅಲ್ಲಿಂದ ಪಕ್ಕಕ್ಕೆ ಹೊರಗೆ ಬರುತ್ತದೆ. ಔಟರನ್ನು ಹಿಂದೆ ಮುಂದೆ ಜಾರಿಸಿ, ಅದರ ಅಡಿಯಲ್ಲಿ ಅಡಗಿದ್ದ ತಂತಿಯನ್ನು ಬಟ್ಟೆಯಿಂದ ಒರೆಸಿ, ತೆಳು ಎಣ್ಣೆ ಸವರಿದ ಬೆರಳು ಎಳೆದರೆ ಸಾಕು. ಮತ್ತೆ ಕೂರಿಸಿ. ಚಹಾ ಕುದಿಯುವಷ್ಟರಲ್ಲಿ ಆಗುವ ಕೆಲಸ.

ದಪ್ಪ ಗ್ರೀಸ್ ತುಂಬಬೇಡಿ. ಒಳಗೆ ಪ್ಲಾಸ್ಟಿಕ್ ಇರುವ ಔಟರಿಗೆ ಅದು ಬೇಕಿಲ್ಲ, ಧೂಳು ಅಂಟಿ ಹಿಟ್ಟಾಗುತ್ತದೆ. ಒಳಗೆ ಪ್ಲಾಸ್ಟಿಕ್ ಇಲ್ಲದ ತೀರಾ ಹಳೆ ಔಟರಿಗೆ ಎಣ್ಣೆ ಬೇಕು.

ಕೇಬಲ್ ಹೊಸದು ಹಾಕಿದೆ. ಈಗ ಯಾವ ಸ್ಕ್ರೂ ತಿರುಗಿಸಲಿ?

ಕ್ರಮ ತಪ್ಪಿದರೆ ಇಡೀ ದಿನ ಹೋಗುತ್ತದೆ. ಮೊದಲು ಹಿಂದಿನಿಂದ ಕೂತು ನೋಡಿ: ಡಿರೇಲರಿನ ಪಂಜರ (ಎರಡು ಪುಟ್ಟ ಗಾಲಿಗಳಿರುವ ಕೆಳಭಾಗ) ಹಲ್ಲುಚಕ್ರಗಳಿಗೆ ಸಮನಾಗಿ ನೇರ ಇದೆಯಾ, ಅಥವಾ ಕೆಳಗಿನ ತುದಿ ಗಾಲಿಯ ಕಡೆ ವಾಲಿದೆಯಾ? ವಾಲಿದ್ದರೆ ಹ್ಯಾಂಗರ್ ಬಾಗಿದೆ. ಬಲಕ್ಕೆ ಬಿದ್ದ ಸೈಕಲ್ಲುಗಳಲ್ಲಿ ಎಷ್ಟೋ ಸಲ ಇದು ಇರುತ್ತದೆ. ಉಕ್ಕಿನದಾದರೆ ಮೆಲ್ಲಗೆ ನೇರ ಮಾಡಬಹುದು. ಅಲ್ಯುಮಿನಿಯಂ ಒಂದು ಸಲ ಸಹಿಸೀತು, ಆಮೇಲೆ ಮುರಿಯುತ್ತದೆ.

ಎರಡನೆಯದು, ಡಿರೇಲರಿನ ಮೇಲೆ ಅದು ಎಲ್ಲಿಯ ತನಕ ಸರಿಯಬೇಕು ಅಂತ ತಡೆಯುವ ಎರಡು ಸಣ್ಣ ಸ್ಕ್ರೂ ಇವೆ, ಎಚ್ ಮತ್ತು ಎಲ್. ಕೇಬಲ್ ಕಟ್ಟುವ ಮೊದಲೇ ಎಚ್ ಸ್ಕ್ರೂ. ಚೈನ್ ಸಣ್ಣ ಹಲ್ಲುಚಕ್ರ ದಾಟಿ ಫ್ರೇಮಿನ ಕಡೆ ಬೀಳದ ಹಾಗೆ. ಡಿರೇಲರನ್ನು ಕೈಯಿಂದ ಒಳಗೆ ದೂಡಿ ಎಲ್ ಸ್ಕ್ರೂ. ಚೈನ್ ದೊಡ್ಡದನ್ನು ದಾಟಿ ಕಡ್ಡಿಗಳ ಕಡೆ ಹೋಗದ ಹಾಗೆ. ಆಮೇಲೆ ಶಿಫ್ಟರ್ ಸಣ್ಣ ಗೇರಿನಲ್ಲಿಟ್ಟು, ಬ್ಯಾರಲನ್ನು (ಔಟರಿನ ತುದಿಯಲ್ಲಿ ಕೈಯಿಂದ ತಿರುಗಿಸಿ ತಂತಿ ಬಿಗಿ-ಸಡಿಲ ಮಾಡುವ ತಿರುಪು) ಒಳಗೆ ತಿರುಗಿಸಿ ಎರಡು ಸುತ್ತು ಬಿಟ್ಟು, ತಂತಿಯ ಸಡಿಲ ತೆಗೆದು ಬೋಲ್ಟಿನ ಜಾಡಿನಲ್ಲಿ ಬಿಗಿಯಿರಿ. ಒಂದು ಕ್ಲಿಕ್ ಕೊಡಿ. ಹತ್ತಲಿಲ್ಲವಾ? ಬ್ಯಾರಲನ್ನು ಅರ್ಧ ಸುತ್ತು ಹೊರಗೆ. ಎರಡು ಹತ್ತಿತಾ? ಅರ್ಧ ಸುತ್ತು ಒಳಗೆ.

ಎಲ್ ಸ್ಕ್ರೂ ಬಗ್ಗೆ ನನ್ನ ಸ್ವಂತ ಅನುಭವ. ಡಿರೇಲರ್ ಬದಲಿಸಿದ ಮರುದಿನವೇ ಸಿಂಹಗಡಕ್ಕೆ ಹೊರಟೆ. ಪಾರ್ಕಿಂಗಿನಲ್ಲಿ ಎಲ್ಲ ಗೇರ್ ಸರಿಯಾಗಿ ಬಿದ್ದಿದ್ದವು, ಎಲ್ ನೋಡಲಿಲ್ಲ. ಡೋಣಜೆ ದಾಟಿ ಘಾಟ್ ಶುರುವಾದ ಕೂಡಲೇ ಕೊನೆಯ ಗೇರಿಗೆ ಒತ್ತಿದೆ. ಕರ್ರ್ ಅಂತ ಒಂದು ಸದ್ದು, ಪಂಜರ ಕಡ್ಡಿಗಳೊಳಗೆ. ಹೊಸ ಡಿರೇಲರ್ ಬಾಳೆಹಣ್ಣಿನ ಸಿಪ್ಪೆಯಂತೆ ಮಡಚಿಕೊಂಡಿತ್ತು, ಕಡ್ಡಿ ಮೂರು ಹೋಗಿದ್ದವು. ಟೆಂಪೋದಲ್ಲಿ ವಾಪಸ್ ಬಂದೆ.

ಶಿಫ್ಟರ್ ಒತ್ತಿದರೆ ಖಾಲಿ ಹೋಗುತ್ತದೆ, ಕ್ಲಿಕ್ಕೇ ಇಲ್ಲ. ಬಿಸಾಡಲಾ?

ತಡೀರಿ! 1990ರ ದಶಕದ ಬೆರಳಿನಿಂದ ಒತ್ತುವ ಶಿಫ್ಟರುಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ಒಳಗಿನ ಗ್ರೀಸ್ ಒಣಗಿ ಅಂಟಾಗಿರುತ್ತದೆ. ಕ್ಲಿಕ್ ಹಿಡಿಯುವ ಸಣ್ಣ ಕೊಕ್ಕೆ ಅದರಲ್ಲಿ ಹೂತುಹೋಗಿ ಹಲ್ಲಿಗೆ ಕೂರುವುದಿಲ್ಲ. ಇನ್ನರ್ ತೆಗೆದು, ತಂತಿ ಹೋಗುವ ತೂತಿನಿಂದ ಡಬ್ಲ್ಯೂಡಿ-40 ಅಥವಾ ಸೀಮೆಎಣ್ಣೆ ಬಿಡಿ. ಕಂದು ನೀರು ಸೋರುತ್ತದೆ. ಹತ್ತಿಪ್ಪತ್ತು ಸಲ ಒತ್ತಿ, ಅರ್ಧ ಗಂಟೆ ಬಿಡಿ, ಮತ್ತೆ ಒತ್ತಿ. ಒಂದು ಹೊತ್ತಿನಲ್ಲಿ ಟಕ್ ಅನ್ನುತ್ತದೆ. ಆಮೇಲೆ ನಾಲ್ಕು ಹನಿ ಹೊಲಿಗೆ ಮಷಿನ್ ಎಣ್ಣೆ. ಮುಚ್ಚಳ ತೆಗೆದು ಪೂರ್ತಿ ಬಿಚ್ಚುವ ಸಾಹಸ ಮಾತ್ರ ಬೇಡ. ಸ್ಪ್ರಿಂಗ್ ಹಾರಿ ಪಕ್ಕದ ಮನೆಯ ಕಾರಿನ ಕೆಳಗೆ ಹೋಗುತ್ತದೆ.

ಒಂದು ಕಂಪನಿಯ ಶಿಫ್ಟರ್, ಇನ್ನೊಂದರ ಡಿರೇಲರ್ ಕೂಡಿಸಬಹುದಾ?

ಕಂಪನಿಯ ಹೆಸರಿಗಿಂತ ಅಳತೆ ಮುಖ್ಯ. ಮೂರು ಅಳತೆ ಇವೆ. ಒಂದು ಕ್ಲಿಕ್ಕಿಗೆ ಶಿಫ್ಟರ್ ತಂತಿಯನ್ನು ಎಷ್ಟು ಎಳೆಯುತ್ತದೆ. ಅಷ್ಟು ಎಳೆದಾಗ ಡಿರೇಲರ್ ಎಷ್ಟು ಸರಿಯುತ್ತದೆ. ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಎಷ್ಟು ದೂರ. ಮೊದಲ ಎರಡನ್ನು ಗುಣಿಸಿದರೆ ಮೂರನೆಯದು ಬರಬೇಕು.

ಶಿಮಾನೋ ಕಂಪನಿಯ 7 ಗೇರಿನ, ಅಂದರೆ ಹಿಂದೆ 7 ಹಲ್ಲುಚಕ್ರಕ್ಕೆ ಮಾಡಿದ, ಶಿಫ್ಟರ್ ಒಂದು ಕ್ಲಿಕ್ಕಿಗೆ ಸುಮಾರು 2.9 ಮಿ.ಮೀ. ಎಳೆಯುತ್ತದೆ. ಹಳೆ ಶಿಮಾನೋ ಡಿರೇಲರ್ 1 ಮಿ.ಮೀ. ಎಳೆದರೆ ಸುಮಾರು 1.7 ಮಿ.ಮೀ. ಸರಿಯುತ್ತದೆ. ಗುಣಿಸಿದರೆ 4.93. 7 ಗೇರಿನ ಹಲ್ಲುಚಕ್ರಗಳ ಅಂತರ 5 ಮಿ.ಮೀ. ಸರಿ ಹೋಯಿತಲ್ಲ. 8 ಗೇರಿಗೆ ಎಳೆತ 2.8, ಅಂತರ 4.8. 9ಕ್ಕೆ ಎಳೆತ 2.5, ಅಂತರ 4.35. ಮೂರಕ್ಕೂ ಡಿರೇಲರ್ ಲೆಕ್ಕ ಅದೇ 1.7. ಹಾಗಾಗಿ ಶಿಮಾನೋದ 7, 8, 9 ಗೇರಿನ ಡಿರೇಲರುಗಳನ್ನು ಒಂದರ ಜಾಗಕ್ಕೆ ಇನ್ನೊಂದು ಧಾರಾಳವಾಗಿ ಹಾಕಬಹುದು. 7 ಗೇರಿನ ಸೈಕಲ್ಲಿಗೆ 9ರ ಡಿರೇಲರ್ ಹಾಕಿ ವರ್ಷಗಟ್ಟಲೆ ಓಡಿಸಿದ್ದೇನೆ. ಡಿರೇಲರಿಗೆ ಎಣಿಸಲಿಕ್ಕೆ ಬರುವುದಿಲ್ಲ. ಎಣಿಸುವುದು ಶಿಫ್ಟರ್.

ಶಿಮಾನೋದಲ್ಲೇ ಒಂದು ಅಪವಾದ ಇದೆ. 1984ರಲ್ಲಿ ಕ್ಲಿಕ್ ಗೇರಿನೊಂದಿಗೆ ಅವರು ತಂದ ಡ್ಯೂರಾ-ಏಸ್ 7400 ಸರಣಿಯ ಡಿರೇಲರ್ ಲೆಕ್ಕ ಬೇರೆ. ಅದರ ಶಿಫ್ಟರಿಗೆ ಅದರದೇ ಡಿರೇಲರ್ ಬೇಕು.

7ರ ಫ್ರೀವೀಲಿಗೆ (ಹಿಂದಿನ ಗಾಲಿಯ ಹಲ್ಲುಚಕ್ರಗಳ ಗುಂಪು) 8ರ ಶಿಫ್ಟರ್ ಹಾಕಿದರೆ?

ನಡೆಯುತ್ತದೆ, ಸ್ವಲ್ಪ ಹೊಂದಾಣಿಕೆಯಲ್ಲಿ. ಪ್ರತಿ ಕ್ಲಿಕ್ಕಿಗೆ ಕಾಲು ಮಿ.ಮೀ.ನಷ್ಟು ಕಡಿಮೆ ಬೀಳುತ್ತದೆ. ನಡುವಿನ ಗೇರಿಗೆ ಸರಿಯಾಗಿ ಹೊಂದಿಸಿ, ತಪ್ಪನ್ನು ಎರಡೂ ತುದಿಗೆ ಹಂಚಿ. ತುದಿಗಳಲ್ಲಿ ಸಣ್ಣ ಕಟಕಟ ಇರುತ್ತದೆ. ಒಂದು ಕ್ಲಿಕ್ ಕೆಲಸವಿಲ್ಲದೆ ಉಳಿಯುತ್ತದೆ. 6ಕ್ಕೂ 8ಕ್ಕೂ ಹೀಗೆ ಮಾಡಲು ಹೋಗಬೇಡಿ.

ಒಂದು ಹೊಸ 10 ಗೇರಿನ ಮೌಂಟನ್ ಡಿರೇಲರ್ ಅಗ್ಗಕ್ಕೆ ಸಿಕ್ಕಿತು. ಹಳೆ 8 ಗೇರಿನ ಶಿಫ್ಟರಿಗೆ ಹಾಕಲಾ?

ಬೇಡ. ಶಿಮಾನೋ 10 ಗೇರಿನ ಮೌಂಟನ್ ಡಿರೇಲರಿನಿಂದ ಲೆಕ್ಕ ಬದಲಿಸಿತು, ಸುಮಾರು 1.2 ಆಯಿತು. 2.8 ಇಂಟು 1.2 ಅಂದರೆ 3.36. ಬೇಕಾದದ್ದು 4.8. ಪ್ರತಿ ಕ್ಲಿಕ್ಕಿಗೆ 1.4 ಮಿ.ಮೀ. ಕೊರತೆ. ನಾಲ್ಕನೇ ಕ್ಲಿಕ್ಕಿಗೆ ಒಂದು ಇಡೀ ಹಲ್ಲುಚಕ್ರಕ್ಕಿಂತ ಜಾಸ್ತಿ ಹಿಂದೆ ಬಿದ್ದಿರುತ್ತೀರಿ. ಯಾವ ಬ್ಯಾರಲ್ಲೂ ಇದನ್ನು ಸರಿ ಮಾಡಲಾರದು. 10 ಗೇರಿನ ರೋಡ್ ಡಿರೇಲರುಗಳಲ್ಲಿ ಹೆಚ್ಚಿನವು ಹಳೆ 1.7ರವೇ, ಟಿಯಾಗ್ರಾ 4700 ಮಾತ್ರ ಬೇರೆ. ಸ್ರಾಮ್ ಕಂಪನಿಯದು ಮತ್ತೊಂದು ಲೆಕ್ಕ: ಅದರ ಹಳೆ ಮೌಂಟನ್ ಡಿರೇಲರ್ ಹೆಚ್ಚು ಕಡಿಮೆ ಎಳೆದಷ್ಟೇ ಸರಿಯುತ್ತದೆ. ಶಿಮಾನೋ ಶಿಫ್ಟರಿಗೆ ಹೊಂದುವುದಿಲ್ಲ.

ಬೋಲ್ಟಿನ ಆಚೆ ಬದಿಗೆ ತಂತಿ ಕಟ್ಟಿದರೆ ಲೆಕ್ಕ ಬದಲಾಗುತ್ತದೆ ಅಂತಾರೆ, ನಿಜವಾ?

ನಿಜ. ಡಿರೇಲರಿನ ತೋಳು ಒಂದು ಸನ್ನೆಕೋಲು. ತಂತಿ ಹಿಡಿಯುವ ಜಾಗ ತಿರುಗುವ ಬಿಂದುವಿನಿಂದ ದೂರ ಹೋದರೆ ಅಷ್ಟೇ ಎಳೆತಕ್ಕೆ ಕಡಿಮೆ ಸರಿಯುತ್ತದೆ. ಹತ್ತಿರ ಬಂದರೆ ಜಾಸ್ತಿ. ಕೆಲವು ಜೋಡಿಗಳಿಗೆ ಈ ಜುಗಾಡ್ ಅಚ್ಚುಕಟ್ಟಾಗಿ ಹೊಂದುತ್ತದೆ. ತಿರುಗಿಸಿ ನೋಡುವುದಾದರೆ ಇದನ್ನೂ ನೋಡಿ: ಎಷ್ಟೋ ಸೈಕಲ್ಲುಗಳಲ್ಲಿ ಯಾರೋ ಅರಿಯದೆ ತಪ್ಪು ಬದಿಗೆ ಕಟ್ಟಿ, ಸರಿಯಾಗಿದ್ದ ಜೋಡಿಯನ್ನೇ ಕೆಡಿಸಿರುತ್ತಾರೆ. ವಾಷರಿನ ಅಡಿಯಲ್ಲಿ ಹಳೆ ತಂತಿಯ ಗುರುತಿನ ಜಾಡು ಇರುತ್ತದೆ.

ಯಾವ ಲೆಕ್ಕವೂ ಬೇಡ, ಸುಮ್ನೆ ಓಡಬೇಕು. ಏನು ಹಾಕಲಿ?

ಕ್ಲಿಕ್ ಇಲ್ಲದ ಫ್ರಿಕ್ಷನ್ ಶಿಫ್ಟರ್. ಹೆಬ್ಬೆರಳಿನಿಂದ ದೂಡುವ ಹಿಡಿಕೆ, ಎಲ್ಲಿ ನಿಲ್ಲಿಸುತ್ತೀರೋ ಅಲ್ಲೇ ನಿಲ್ಲುತ್ತದೆ. 5 ಗೇರೋ 9 ಗೇರೋ, ಯಾವ ಕಂಪನಿಯದೋ ಅದಕ್ಕೆ ಗೊತ್ತೇ ಇಲ್ಲ. ಕಿವಿ ಮತ್ತು ಬೆರಳು ಅಂದಾಜು ಮಾಡುತ್ತವೆ. ಎರಡು ದಿನ ತಡವರಿಸುತ್ತೀರಿ, ಮೂರನೇ ದಿನ ಹಾರ್ಮೋನಿಯಂ ನುಡಿಸಿದ ಹಾಗೆ. ಸರಕಿನ ಗಂಟು ಕಟ್ಟಿಕೊಂಡು ದೂರ ಹೋಗುವವರಿಗೂ, ಸನ್‌ಟೂರ್, ಸಿಂಪ್ಲೆಕ್ಸ್ ಥರದ ಹಳೆ ಡಿರೇಲರ್ ಇಟ್ಟುಕೊಂಡವರಿಗೂ ನಾನು ಹೇಳುವುದು ಇದನ್ನೇ.

ಸನ್‌ಟೂರ್ ಅಂದ ಕೂಡಲೇ ಒಂದು ಮಾತು. ಇವತ್ತು ಹೆಚ್ಚು ಕಡಿಮೆ ಎಲ್ಲ ಡಿರೇಲರುಗಳೂ ಹಲ್ಲುಚಕ್ರಗಳ ಇಳಿಜಾರಿಗೆ ಸಮನಾಗಿ ಓರೆಯಾಗಿ ಸರಿಯುತ್ತವಲ್ಲ, ಅದು 1964ರಲ್ಲಿ ಸನ್‌ಟೂರ್ ಪೇಟೆಂಟ್ ಮಾಡಿದ ವಿದ್ಯೆ. ಪುಣೆಯ ಹಳೆ ಸಾಮಾನಿನ ಸಂತೆ ಜುನಾ ಬಜಾರಿನಲ್ಲಿ ಆ ಹೆಸರಿನ ಡಿರೇಲರ್ ಕಂಡರೆ ಬಿಡಬೇಡಿ.

ಚೈನ್ ಯಾವುದು?

ಫ್ರೀವೀಲಿನ ಗೇರ್ ಎಷ್ಟೋ ಅಷ್ಟರದು. 6, 7, 8ಕ್ಕೆ ಒಂದೇ ಚೈನ್, ಸುಮಾರು 7 ಮಿ.ಮೀ. ಅಗಲ. 9ಕ್ಕೆ ಸುಮಾರು 6.6. ಸಾದಾ ಗೇರಿಲ್ಲದ ಸೈಕಲ್ಲಿನ ದಪ್ಪ ಚೈನ್ ಗೇರಿಗೆ ಬೇಡ. ಫ್ರೀವೀಲ್ ಹಳೆಯದು, ಚೈನ್ ಮಾತ್ರ ಹೊಸದು ಹಾಕಿದರೆ ಒತ್ತಿ ತುಳಿದಾಗ ಹಲ್ಲು ಜಾರುತ್ತದೆ. ಆಗ ಕೇಬಲ್ಲನ್ನು ಬೈಯಬೇಡಿ.

ಹಳೆ ಗಾಲಿಗೆ 8 ಗೇರ್ ಹಾಕಬಹುದಾ?

ಫ್ರೀವೀಲ್ ಅಂದರೆ ಗಾಲಿಯ ಹಬ್ಬಿಗೆ (ನಡುವಿನ ಗುಂಬಕ್ಕೆ) ತಿರುಪಿನ ಹಾಗೆ ತಿರುಗಿಸಿ ಕೂರಿಸುವುದು. ಅದರಲ್ಲಿ 8 ಗೇರಿನದೂ ಸಿಗುತ್ತದೆ, ಆದರೆ ಬೇರಿಂಗಿನಿಂದ ಆಚೆ ಅಚ್ಚು ಉದ್ದಕ್ಕೆ ಚಾಚಿಕೊಳ್ಳುತ್ತದೆ. ಪುಣೆಯ ಗುಂಡಿಗಳಿಗೆ ಅಚ್ಚು ಬಾಗುತ್ತದೆ, ಮುರಿಯುತ್ತದೆ. 7ಕ್ಕೆ ನಿಲ್ಲಿಸಿ. 8, 9 ಬೇಕೇ ಬೇಕಾದರೆ ಕ್ಯಾಸೆಟ್ ಹಬ್ಬಿನ, ಅಂದರೆ ಹಲ್ಲುಚಕ್ರಗಳನ್ನು ಹಬ್ಬಿನ ಮೇಲೆ ಜಾರಿಸಿ ಕೂರಿಸುವ, ಗಾಲಿ ತನ್ನಿ. ಅಲ್ಲಿ ಬೇರಿಂಗ್ ತುದಿಯ ತನಕ ಬರುತ್ತದೆ.

ಆಗ ಫ್ರೇಮಿನ ಹಿಂದಿನ ಅಗಲ ಅಳೆಯಬೇಕು. ಹಳೆ ರೋಡ್ ಫ್ರೇಮುಗಳಲ್ಲಿ 5 ಗೇರಿಗೆ 120 ಮಿ.ಮೀ., 6-7ಕ್ಕೆ 126. ಆಮೇಲೆ ಬಂದ ರೋಡ್ ಗಾಲಿ ಸಾಮಾನ್ಯವಾಗಿ 130, ಮೌಂಟನ್ 135. ಉಕ್ಕಿನ ಫ್ರೇಮ್ 126ರಿಂದ 130ಕ್ಕೆ ಆರಾಮಾಗಿ ಅಗಲವಾಗುತ್ತದೆ. ಅಲ್ಯುಮಿನಿಯಂ ಫ್ರೇಮಿಗೆ ಈ ಆಟ ಬೇಡವೇ ಬೇಡ.

ದೊಡ್ಡ ಹಲ್ಲುಚಕ್ರದ ಹಲ್ಲು ಎಷ್ಟು ಅಂತಲೂ ಎಣಿಸಿ. ಕೆಲವು ಡಿರೇಲರ್ 28ಕ್ಕೆ ನಿಲ್ಲುತ್ತವೆ, ಕೆಲವು 34ರ ತನಕ ಹೋಗುತ್ತವೆ. ಪಂಜರದ ಮೇಲಿನ ಪುಟ್ಟ ಗಾಲಿ ಹಲ್ಲಿಗೆ ಉಜ್ಜಿದರೆ ಡಿರೇಲರಿನ ಹಿಂಬದಿಯ ಬಿ ಸ್ಕ್ರೂವನ್ನು ಒಳಗೆ ತಿರುಗಿಸಿ. ಆದರೂ ಉಜ್ಜಿದರೆ ಡಿರೇಲರ್ ಗಿಡ್ಡವಾಯಿತು.

ಶಿಫ್ಟರ್ ಜೊತೆ ಬ್ರೇಕ್ ಹಿಡಿಕೆಯೂ ಸೇರಿದೆ. ಹಳೆ ಸೈಕಲ್ಲಿಗೆ ಹಾಕಲಾ?

ಬ್ರೇಕ್ ಯಾವುದು ಅಂತ ನೋಡಿ ಹಾಕಿ. ವಿ ಬ್ರೇಕಿನ (ರಿಮ್ಮಿನ ಎರಡೂ ಬದಿಗೆ ಉದ್ದ ತೋಳಿರುವ ಬ್ರೇಕ್) ಹಿಡಿಕೆ ತಂತಿಯನ್ನು ಜಾಸ್ತಿ ಎಳೆಯುತ್ತದೆ. ಹಳೆ ಕ್ಯಾಲಿಪರ್, ಕ್ಯಾಂಟಿಲಿವರ್ ಬ್ರೇಕಿನ ಹಿಡಿಕೆ ಕಡಿಮೆ ಎಳೆಯುತ್ತದೆ, ಬಲ ಜಾಸ್ತಿ ಕೊಡುತ್ತದೆ. ಹಳೆ ಹಿಡಿಕೆಗೆ ವಿ ಬ್ರೇಕ್ ಕಟ್ಟಿದರೆ ಹಿಡಿಕೆ ಹ್ಯಾಂಡಲಿಗೆ ತಾಗಿದರೂ ಗಾಲಿ ನಿಲ್ಲದೇ ಇರಬಹುದು. ವಿ ಹಿಡಿಕೆಗೆ ಹಳೆ ಕ್ಯಾಲಿಪರ್ ಕಟ್ಟಿದರೆ ಕಲ್ಲಿನ ಹಾಗೆ ಗಟ್ಟಿ ಅನ್ನಿಸುತ್ತದೆ, ಆದರೆ ಹಿಡಿತವೇ ಇರುವುದಿಲ್ಲ. ಗೇರಿನಲ್ಲಿ ಜುಗಾಡ್ ಮಾಡಿ, ಬ್ರೇಕಿನಲ್ಲಿ ಬೇಡ.

ಇನ್ನೊಂದು. ನಮ್ಮ ಹಿರೋ, ಅಟ್ಲಸ್‌ಗಳಲ್ಲಿ ಸಾಮಾನ್ಯವಾಗಿ ಬಲಗೈ ಮುಂದಿನ ಬ್ರೇಕ್. ಹೊರದೇಶದಿಂದ ಬಂದ ಹಳೆ ಸೈಕಲ್ಲುಗಳಲ್ಲಿ ಎಷ್ಟೋ ಸಲ ಎಡಗೈ ಮುಂದಿನದು. ಔಟರ್ ಬದಲಿಸುವಾಗ ಓಡಿಸುವವರಿಗೆ ಯಾವುದು ರೂಢಿ ಅಂತ ಕೇಳಿಯೇ ಕತ್ತರಿಸಿ.

ಹಳೆ ಪಾರ್ಟ್ ಪುಣೆಯಲ್ಲಿ ಎಲ್ಲಿ ಹುಡುಕಲಿ?

ಮಂಗಳವಾರ ಪೇಟೆಯ ಜುನಾ ಬಜಾರ್, ಬುಧವಾರ ಮತ್ತು ಭಾನುವಾರ. ಹೆಸರಿನ ವಾರಕ್ಕೂ ಸಂತೆಯ ವಾರಕ್ಕೂ ಸಂಬಂಧವಿಲ್ಲ, ಮಂಗಳವಾರ ಹೋಗಿ ವಾಪಸ್ ಬಂದವರನ್ನು ಬಲ್ಲೆ. ಕಬ್ಬಿಣದ ರಾಶಿಯಲ್ಲಿ ಕೈ ಹಾಕಿ ಹುಡುಕಬೇಕು. ಡಿರೇಲರ್ ಸಿಕ್ಕರೆ ಪಂಜರ ಹಿಡಿದು ಅಲುಗಾಡಿಸಿ ನೋಡಿ. ಕೀಲುಗಳು ಲೊಡಲೊಡ ಅಂದರೆ ಬಿಟ್ಟುಬಿಡಿ. ಸ್ಪ್ರಿಂಗ್ ಗಟ್ಟಿ ಇದ್ದು ಕೀಲು ಬಿಗಿ ಇದ್ದರೆ ಬರೀ ಕೊಳೆ ಇದ್ದರೂ ಪರವಾಗಿಲ್ಲ, ತಗೊಳ್ಳಿ. ಶಿಫ್ಟರ್ ಆದರೆ ತಂತಿ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಲ್ಲೇ ತೂರಿಸಿ ಕ್ಲಿಕ್ ಎಣಿಸಿ. ಬೆಲೆ ಮಾತ್ರ ಮರಾಠಿಯಲ್ಲೇ ಕೇಳಿ.

ಹಳೆ ಸೈಕಲ್ಲಿನಲ್ಲಿ ಏನು ಎಲ್ಲಿ ಇರಬೇಕಿತ್ತು ಅಂತ ಕಣ್ಣಾರೆ ನೋಡಬೇಕಾದರೆ ಕರ್ವೆ ನಗರದಲ್ಲಿ ಸೈಕಲ್ ಮ್ಯೂಸಿಯಂ ಇದೆ. ಹೋಗುವ ಮೊದಲು ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ. ಇನ್ನರ್, ಔಟರ್ ಮಾತ್ರ ಹಳೆಯದು ಕೊಳ್ಳಬೇಡಿ. ಅವನ್ನು ಅಂಗಡಿಯಿಂದಲೇ ತನ್ನಿ, ತರುವಾಗ ಟೋಪಿ ನಾಲ್ಕು ಜಾಸ್ತಿ ಕೇಳಿ. ಅವು ಯಾವಾಗಲೂ ಕಳೆದುಹೋಗುತ್ತವೆ.